ರೊಟ್ಟಿ ಬಡಿಯುವಾಗಿನ ಮಂತ್ರ

ತಡಸದ ಸಾವಂತ್ರವ್ವನಿಗೆ ಸಂಶಯವೆಂಬುದು ಹುಟ್ಟುಗುಣ. ಸಂತೆಯಲ್ಲಿ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಮೂಸಿ ನೋಡಿ, ಕೊನೆಗೆ ಪಕ್ಕದ ಅಂಗಡಿಯಲ್ಲಿ ಕೊಳ್ಳುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಖಡಕ್ ರೊಟ್ಟಿ ಬಡಿದು ಮಾರಿ, ಇದ್ದೊಬ್ಬ ಮಗ ಚನ್ನೇಶನನ್ನು ಬೆಳೆಸಿದಾಕೆ. ನಂಬಿ ಕೆಟ್ಟವರನ್ನು ಬೇಕಾದಷ್ಟು ಕಂಡಿದ್ದಳು, ಸಂಶಯಪಟ್ಟು ಕೆಟ್ಟವರನ್ನು ಕಂಡಿರಲಿಲ್ಲ.

ಹೋದ ವರ್ಷ ಸೊಸೆಯಾಗಿ ಬಂದ ಸಮತಾ ಶಿಗ್ಗಾವಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಳು, ಅದೂ ಇಂಗ್ಲಿಷ್ ಸಾಹಿತ್ಯ. ಕೊನೆಯ ವರ್ಷ ಮುಗಿಸಲಿ ಎಂದು ಮದುವೆಯ ಮಾತುಕತೆಯಲ್ಲೇ ಒಪ್ಪಿದ್ದಾಗಿತ್ತು. ಒಪ್ಪಿದ್ದೇನೋ ಸರಿ, ಆದರೂ ಸಾವಂತ್ರವ್ವ ಓಣಿಯವರ ಮುಂದೆ ಗೊಣಗುತ್ತಿದ್ದಳು: "ಕಥಿ, ಪದಾ ಓದಿದ್ರ ಡಿಗ್ರಿ ಕೊಡ್ತಾರಂತ! ಯಾರ ಕಿವ್ಯಾಗ ಹೂವ ಇಡ್ತಾರ ಇವ್ರು?"

ಇಷ್ಟಕ್ಕೇ ನಿಂತಿದ್ದರೆ ನಡೆದುಹೋಗುತ್ತಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಸಮತಾ ಕಣ್ಣು ಮುಚ್ಚಿ, ಅಂಗೈಯ ಪಟಪಟಕ್ಕೆ ಸರಿಯಾಗಿ ಏನನ್ನೋ ಗುನುಗತೊಡಗಿದಳು. ದಿನಾ ಅದೇ ಸಾಲುಗಳು, ತಿಳಿಯದ ಭಾಷೆ. ಅದೇ ಹೊತ್ತಿಗೆ ಚನ್ನೇಶ ಬೇರೆ, ತಾಯಿ ಏನಾದರೂ ಅಂದರೆ "ಆಕೀದೇನ ತಪ್ಪಬೇ?" ಎನ್ನಲು ಶುರುಮಾಡಿದ್ದ. ಸಾವಂತ್ರವ್ವ ಎರಡನ್ನೂ ಕೂಡಿಸಿ ನೋಡಿದಳು. ರೊಟ್ಟಿಯಲ್ಲಿ ಮಾಟ! ಮಗ ಕೈತಪ್ಪಿ ಹೋದನಲ್ಲ ಶಿವನೇ!

ಅಂದಿನಿಂದ ಸೊಸೆ ಬಡಿದ ರೊಟ್ಟಿ ಮುಟ್ಟಲಿಲ್ಲ. ತನ್ನಷ್ಟಕ್ಕೆ ಅನ್ನ ಬೇಯಿಸಿಕೊಂಡಳು. ಕೇಳಿದರೆ, "ಹಲ್ಲು ನೋಯ್ತಾವು." ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಮಗನನ್ನು ಕೂರಿಸಿಕೊಂಡು ಅತ್ತೇಬಿಟ್ಟಳು. "ಆ ಕಾಲೇಜ ಬಿಡಸು. ಇಲ್ಲಂದ್ರ ನಾ ಹಾನಗಲ್ಲಿಗೆ ನಮ್ಮಕ್ಕನ ಮನೀಗೆ ಹೊಂಟೆ." ಚನ್ನೇಶ ತಲೆ ತಗ್ಗಿಸಿ ಹೂಂ ಅಂದ. ಪರೀಕ್ಷೆಗೆ ಹೋಗಬೇಡವೆಂದು ಹೆಂಡತಿಗೆ ಹೇಳಿಯೂ ಬಿಟ್ಟ.

ಆದರೆ ಮಾಡಿದ ಮಾಟ ಇಳಿಸಬೇಕಲ್ಲ! ಸೊಸೆಯ ಗುನುಗನ್ನು ಮೊದಲೇ ಕದ್ದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದಳು. ಅದನ್ನು ಒಯ್ದು, ಬಂಕಾಪುರದಲ್ಲಿ ತಾಯತ ಕಟ್ಟುವ ಶೇಖಸಾಬರ ಮುಂದೆ, ಸೊಸೆ ಸಮತಾಳ ಮಂತ್ರವೆಂದು ಹಚ್ಚಿದಳು. ಮುದುಕರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ಮೊಮ್ಮಗಳು ನಿಖತ ನಗುತ್ತ ಬಂದಳು.

"ಇದು ನಮ್ಮ ಪಾಠದಾಗಿನ ಪದ್ಯಾರಿ! ನಾನೂ ಅದ ಕ್ಲಾಸು. ಪರೀಕ್ಷಾಕ್ಕ ಬಾಯಿಪಾಠ ಮಾಡ್ಯಾಳ್ರಿ."

"ಏನೈತಿ ಅದರಾಗ?" ಸಾವಂತ್ರವ್ವ ಕಣ್ಣು ಕಿರಿದು ಮಾಡಿದಳು.

"ಹೊಸಾ ಸೊಸಿ ಮನೀಮಂದಿಗೆಲ್ಲಾ ರೊಟ್ಟಿ ಬೇಯಿಸ್ತಾಳ್ರಿ. ಎಲ್ಲಾರೂ ಉಂಡು ಏಳ್ತಾರ. ನೀ ಉಂಡಿ ಏನಂತ ಆಕೀನ್ನ ಯಾರೂ ಕೇಳಂಗಿಲ್ಲ."

"ಇದು ನಮ್ಮ ಮನಿ ಸುದ್ದಿ! ನನ್ನ ಮ್ಯಾಲ ಆಕೀನ ಬರದಾಳ!"

"ಇಲ್ರಿ ಅಮ್ಮಾರ. ಬರದಾಕಿ ಬ್ಯಾರೆ ದೇಶದಾಕಿ. ಸತ್ತು ಎಷ್ಟೋ ಕಾಲಾತ್ರಿ."

ಊರಿಗೆ ಮರಳುವ ಬಸ್ಸಿನಲ್ಲೂ ಸಂಶಯ ಬಿಡಲಿಲ್ಲ. ಆ ದೂರದ ದೇಶದ ಸತ್ತ ಹೆಂಗಸಿಗೆ ಈ ಒಲೆಯ ಸುದ್ದಿ ಹೇಳಿದವರು ಯಾರು? ತಾನು ಸೊಸೆಯಾಗಿ ಬಂದಾಗಲೂ ಉಂಡೆಯಾ ಎಂದು ಯಾರೂ ಕೇಳಿರಲಿಲ್ಲ. ಅದನ್ನು ಹಡೆದವ್ವನ ಮುಂದೆಯೂ ಆಡಿರಲಿಲ್ಲವಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮನೆಯಲ್ಲಿ ಸಮತಾ ರೊಟ್ಟಿ ಬಡಿಯುತ್ತಿದ್ದಳು, ತುಟಿ ಬಿಗಿದುಕೊಂಡು. ಸಾವಂತ್ರವ್ವ ಎದುರಿಗೆ ಕುಳಿತಳು.

"ಅದನ್ನ ಅನ್ನು, ಕೇಳ್ತೇನಿ."

"ಯಾವದ್ರಿ ಅತ್ತಿ?"

"ಅದ, ಇಂಗ್ಲೀಷ ಪದ್ಯಾ."

"ಮರತೇನ್ರಿ."

ಸುಳ್ಳೆಂದು ಸಾವಂತ್ರವ್ವನಿಗೆ ಗೊತ್ತಾಯಿತು. ಯಾಕೋ ಈ ಸಲ ಸಿಟ್ಟು ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತೆಗೆದು ಮುರಿದು, ಅರ್ಧ ತಾನು ಬಾಯಿಗಿಟ್ಟು, ಅರ್ಧ ಸೊಸೆಯ ಮುಂದಿಟ್ಟಳು.

"ನೀನೂ ಉಣ್ಣು. ಚನ್ನೇಶಗ ನಾ ಹೇಳ್ತೇನಿ. ಪರೀಕ್ಷಾಕ್ಕ ಹೋಗು."

ಸಮತಾ ರೊಟ್ಟಿ ಮುಟ್ಟಲಿಲ್ಲ. ಇದರಲ್ಲೇನು ಇದೆಯೋ ಎಂದು ಅತ್ತೆಯ ಮುಖವನ್ನೇ ನೋಡುತ್ತ ಕುಳಿತಳು.