ಕೆಮ್ಮಣ್ಣಿನ ಕೆಳಗಿನ ಗುಳ್ಳೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ದೊಡ್ಡವ್ವನ ಹಣೆಯ ಉರಿ ಬುಧವಾರ ಶುರುವಾಯಿತೋ ಗುರುವಾರವೋ ಖಚಿತವಿಲ್ಲ. ದಿನಚರಿಯಲ್ಲಿ ಆ ವಾರದ ಪುಟಗಳನ್ನು ನಾನು ಮುಂದಿನ ವಾರ ಕುಳಿತು ನೆನೆದು ಬರೆದೆ. ನೆನೆದು ಬರೆಯುವಾಗ ನನ್ನನ್ನು ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಕೊಳ್ಳುವ ಚಟ ನನಗಿದೆ. ಹಾಗಾಗಿ ಫೋನಿನಲ್ಲಿ ಉಳಿದಿರುವ ಒಂದು ಫೋಟೊವನ್ನಷ್ಟೇ ಪೂರ್ತಿ ನಂಬುತ್ತೇನೆ. ಅದು ಶುಕ್ರವಾರ ಬೆಳಗಿನದು.

ಕಳಿಸಿದವನು ದೊಡ್ಡವ್ವನ ಮಗ. ನಾನು ಅಣ್ಣ ಎನ್ನುವುದು ಅವನಿಗೇ. ಅವರಿರುವುದು ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ. ನಾನು ಜೇವರ್ಗಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಫೋಟೊದಲ್ಲಿ ದೊಡ್ಡವ್ವನ ಎಡ ಹುಬ್ಬಿನ ಮೇಲೆ ನೀರು ತುಂಬಿದ ಏಳೆಂಟು ಗುಳ್ಳೆಗಳು. ಎರಡು ತರಗತಿಗಳ ನಡುವೆ ಫೋನು ಮಾಡಿ, "ಉಷ್ಣಕ್ಕ ಎದ್ದಿರಬೇಕು, ಮಜ್ಜಿಗಿ ಕುಡಿಸು" ಎಂದೆ. ಡಾಕ್ಟರಿಗೆ ತೋರಿಸು ಅಂತಲೂ ಹೇಳಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ದೊಡ್ಡವ್ವ ತಿಳಿಯದವಳಲ್ಲ. ನಿವೃತ್ತಳಾಗುವ ತನಕ ಅಂಗನವಾಡಿ ನಡೆಸಿದವಳು. ಪೋಲಿಯೊ ಹನಿ ಬೇಡವೆಂದು ಕದ ಹಾಕಿಕೊಂಡವರ ಕಟ್ಟೆಯ ಮೇಲೆ ಕುಳಿತು, "ಹನಿ ಹಾಕಸ್ತೀಯೋ, ನಾ ಇಲ್ಲೇ ಉಣ್ಣಾಕ ಕೂಡ್ಲೋ?" ಎಂದು ಗದರಿಸಿ ಬಾಗಿಲು ತೆಗೆಸಿದವಳು. ಆದರೆ ಗುಳ್ಳೆಗಳು ಸಾಲು ಹಿಡಿದದ್ದನ್ನು ಕಂಡು ಓಣಿಯವರು ಸರ್ಪಸುತ್ತು ಎಂದರು. ಗಡಿಯಾಚೆಯ ಬೀಗರು ಫೋನಿನಲ್ಲಿ ಮರಾಠಿಯಲ್ಲಿ ನಾಗೀಣ ಎಂದರು. ಹೆಡೆಯೂ ಬಾಲವೂ ಕೂಡಿದರೆ ಜೀವ ಉಳಿಯದು ಎಂಬ ಮಾತು ಎರಡೂ ಭಾಷೆಯಲ್ಲಿ ಒಂದೇ. ಅಫಜಲಪುರದ ಕಡೆ ಒಬ್ಬ ಮುತ್ಯಾ ಗುಳ್ಳೆಗಳ ಸುತ್ತ ಕೆಮ್ಮಣ್ಣಿನಿಂದ ಗೆರೆ ಬರೆದು, ಗೆರೆಯೊಳಗೆಲ್ಲ ಅದನ್ನೇ ಬಳಿದು ಸರ್ಪದ ದಾರಿ ಕಟ್ಟುತ್ತಾನೆ. ಬರೆಯುವುದು ಭಾನುವಾರ ಮಾತ್ರ. ಬರೆದ ಮೇಲೆ ಮೂರು ದಿನ ನೀರು ಸೋಕಬಾರದು. ಇವರು ಭಾನುವಾರದ ತನಕ ಕಾದು ಬರೆಸಿಕೊಂಡು ಬಂದರು.

ಸೋಮವಾರ ಸಂಜೆ ಅಣ್ಣನ ಫೋನು ಬಂತು. "ಅವ್ವ ಕಣ್ಣ ತೆಗೀವಲ್ಲಳು. ಬೆಳಕು ಸೂಜಿ ಚುಚ್ಚಿದಂಗ ಚುಚ್ಚತದ ಅಂತಾಳ."

ಮರುದಿನ ಮೊದಲ ಬಸ್ಸು ಹಿಡಿದು ಆಳಂದ ಸೇರುವಷ್ಟರಲ್ಲಿ ಅವರಿಬ್ಬರೂ ಡಾಕ್ಟರ ಬಾಗಿಲಲ್ಲಿ ಕುಳಿತಿದ್ದರು. ಅವಳ ಮುಖದ ಎಡಭಾಗ ಹಣೆಯಿಂದ ಮೂಗಿನವರೆಗೆ ಒಣಗಿದ ಕೆಮ್ಮಣ್ಣು. ರೆಪ್ಪೆ ಊದಿ ಮುಚ್ಚಿತ್ತು.

"ಬಾ ಬೇ ಪ್ರೊಫೆಸರಬಾಯಿ," ಎಂದಳು. "ಮಜ್ಜಿಗಿ ತಂದೀಯೇನು?"

ಅವಳ ತೋಳು ಹಿಡಿದು ಎಬ್ಬಿಸಿದೆ.

ಒಳಗೆ ಡಾಕ್ಟರು ಮೊದಲು ಕೇಳಿದ್ದು, "ಗುಳ್ಳಿ ಎದ್ದು ಎಷ್ಟ ದಿನ ಆತ್ರಿ?"

"ಎರಡ ದಿನ ಆತ್ರಿ," ಎಂದ ಅಣ್ಣ.

ಅವನು ಸುಳ್ಳು ಹೇಳಲಿಲ್ಲ. ಸರ್ಪಸುತ್ತಿಗೆ ದಿನ ಎಣಿಸುವುದು ಗೆರೆ ಬರೆದ ದಿನದಿಂದ. ಅದಕ್ಕೂ ಮೊದಲಿನ ದಿನಗಳು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

"ಹಂಗಾರ ಟೈಮಿಗಿ ಬಂದೀರಿ," ಎಂದರು ಡಾಕ್ಟರು. "ಮೂರ ದಿನದೊಳಗ ದವಾ ಶುರು ಆದ್ರ ಛಲೋ."

ಫೋನು ನನ್ನ ಕೈಯಲ್ಲೇ ಇತ್ತು. ಫೋಟೊ ತೋರಿಸಿದರೆ ಅದು ಶುಕ್ರವಾರವೇ ನನಗೆ ಬಂದಿತ್ತು ಎಂಬುದೂ ಗೊತ್ತಾಗುತ್ತದೆ. ದಿನಚರಿಯಲ್ಲಿ 'ಕೂಡಲೇ ತೋರಿಸಿದೆ' ಎಂದು ಬರೆದು, ಆಮೇಲೆ 'ಕೂಡಲೇ' ಎಂಬುದನ್ನು ಹೊಡೆದುಹಾಕಿದ್ದೇನೆ.

"ಇದು ಶುಕ್ರವಾರದ ಫೋಟೊ ನೋಡ್ರಿ ಸರ್."

ಡಾಕ್ಟರು ನೋಡಿದರು. ಅಣ್ಣ ಫೋನನ್ನು ನೋಡಲಿಲ್ಲ, ನನ್ನನ್ನು ನೋಡಿದ.

ಡಾಕ್ಟರು ಹತ್ತಿಯನ್ನು ಒದ್ದೆ ಮಾಡಿ ಹಣೆಯ ಹತ್ತಿರ ಒಯ್ದಾಗ ದೊಡ್ಡವ್ವ ಅವರ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ ಸಾಹೇಬ್ರ. ಇನ್ನ ಒಂದ ದಿನ ಅದ. ಗೆರಿ ಅಳಿಸಿದ್ರ ಆಚಿ ಕಡಿಗಿ ದಾಟತದ."

"ದಾಟಂಗಿಲ್ಲ ಯಮ್ಮಾ. ಸಣ್ಣಾಕಿ ಇದ್ದಾಗ ಮೈಮ್ಯಾಲ ಅಮ್ಮ ಎದ್ದಿದ್ಲೇನು?"

"ಎದ್ದಿದ್ಲರಿ. ಬೇವಿನ ಸೊಪ್ಪಿನ್ಯಾಗ ಮಲಗಿಸಿದ್ರು."

"ಅದರ ವಿಷಾನೇ ನರದಾಗ ಸುಮ್ಮ ಮಲಗಿರ್ತದ. ವಯಸ್ಸಾಗಿ ಶಕ್ತಿ ಕಮ್ಮಿ ಆದಾಗ ಏಳತದ. ಯಾವ ನರದಾಗ ಮಲಗಿತ್ತೋ ಅದೇ ದಾರಿ ಹಿಡೀತದ, ಒಂದೇ ಮಗ್ಗಲ. ಹೆಡಿ-ಬಾಲದ ಫಿಕರ್ ಬಿಡ್ರಿ. ನನ್ನ ಫಿಕರ್ ಇರೂದು ಕಣ್ಣಿಂದು."

ಅವಳು ಕೈ ಬಿಟ್ಟಳು. ಹತ್ತಿ ಹುಬ್ಬಿನಿಂದ ಕೆಳಗಿಳಿಯಿತು. ಒರೆಸಿದಲ್ಲೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು. ಮೂಗಿನ ತುದಿಯ ಕೆಮ್ಮಣ್ಣು ಹೋದಾಗ ಅದರಡಿಯಲ್ಲಿ ಒಂದು ಗುಳ್ಳೆ ಕಂಡಿತು, ತೊಗರಿಬೇಳೆಗಿಂತ ಸಣ್ಣದು. ಡಾಕ್ಟರ ಕೈ ಅಲ್ಲೇ ನಿಂತಿತು.

"ಮೂಗಿನ ತುದಿಗಿ ಬರೂ ನರದ ಕವಲೇ ಕಣ್ಣಿನೊಳಗೂ ಹೋಗತದ," ಎಂದು ನನ್ನ ಕಡೆ ತಿರುಗಿದರು. "ಊರಿಗಿ ಹೋಗಬ್ಯಾಡ್ರಿ. ಹಿಂಗೇ ಕಲಬುರ್ಗಿಗಿ ಹೋಗಿ ಕಣ್ಣಿನ ಡಾಕ್ಟರಿಗಿ ತೋರಸ್ರಿ. ಇವತ್ತೇ."

ತಡವಾಗಿದ್ದರೂ ಗುಳಿಗೆ ಕೊಡಲೇಬೇಕೆಂದು ಮೊದಲನೆಯದನ್ನು ಅಲ್ಲೇ ನುಂಗಿಸಿದರು. ಗುಳ್ಳೆಗಳು ಒಣಗಿ ಹೊಪ್ಪಳೆಯಾಗುವ ತನಕ ಅವಳ ಟವೆಲು ಬೇರೆ ಇರಲಿ, ಬಸುರಿಯರೂ ಕೂಸುಗಳೂ ಹತ್ತಿರ ಬರದಿರಲಿ ಎಂದರು.

ಬಾಡಿಗೆ ಕಾರಿನಲ್ಲಿ ಸೆಕೆಯಿದ್ದರೂ ಕಿಟಕಿ ಮುಚ್ಚಿದ್ದೆವು. ಗಾಳಿ ಸೋಕಿದರೂ ಅವಳು ಕಿರುಚುತ್ತಿದ್ದಳು. ತಲೆಯ ಮೇಲಿನ ಸೆರಗನ್ನು ಹಣೆಗೆ ತಾಗದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

"ನೀ ಮಜ್ಜಿಗಿ ಅಂದಿ ಅಂತ ನಾ ಸುಮ್ಮನಾದೆ," ಎಂದ ಅಣ್ಣ, ಮುಂದಿನ ಸೀಟಿನಿಂದ, ತಿರುಗದೆ.

"ಡಾಕ್ಟರಿಗೂ ತೋರಸು ಅಂದಿದ್ನಲ್ಲ?"

ಅವನು ರಸ್ತೆ ನೋಡಿದ.

"ಇಬ್ರೂ ಬಾಯಿ ಮುಚ್ಚರಿ," ಎಂದಳು ದೊಡ್ಡವ್ವ. "ಕಣ್ಣು ನಂದು, ಜಗಳ ನಿಮ್ದು!"

ಕಣ್ಣಿನ ಡಾಕ್ಟರು ಕರಿಗುಡ್ಡೆಯ ಮೇಲೆ ಗಾಯವಾಗಿದೆ ಎಂದರು. ಹನಿ, ಮುಲಾಮು, ಮತ್ತೆ ಮತ್ತೆ ಬಂದು ತೋರಿಸಬೇಕೆಂಬ ತಾಕೀತು. ಎಷ್ಟು ಉಳಿಯುತ್ತದೆ ಎಂದು ಕೇಳಿದಾಗ, ಗಾಯ ಮಾಯ್ದ ಮೇಲೆ ನೋಡೋಣ ಎಂದರು.

ಹೊಪ್ಪಳೆ ಉದುರಿದವು. ಹಣೆಯ ನೋವು ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಬಾಚಣಿಗೆ ತಾಗಿದರೆ ಈಗಲೂ ಕಣ್ಣಲ್ಲಿ ನೀರು. ದೃಷ್ಟಿ ಹೇಗಿದೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಮಾತು, "ಛಲೋ ಕಾಣತದ." ಆದರೆ ಎರಡು ಸಲ ಡಾಕ್ಟರ ಬಳಿ ಹೋಗುವ ದಿನವನ್ನು ತಪ್ಪಿಸಿದ್ದಾಳೆ ಎಂದು ಅಣ್ಣ ಹೇಳಿದ.

ಕಳೆದ ತಿಂಗಳು ಹಿರೋಳ್ಳಿಗೆ ಹೋದೆ. ಪಡಸಾಲೆಯಲ್ಲಿ ಅವಳ ಎಡಬದಿಗೆ ಹೋಗಿ ನಿಂತೆ. ಬೇಕೆಂದೇ ನಿಂತೆನೋ ಏನೋ. ಮಾತಾಡಿಸುವ ತನಕ ಅವಳು ತಿರುಗಲಿಲ್ಲ. ಚಹಾ ಸುರಿದಳು, ಧಾರೆ ಕಪ್ಪಿನ ಹೊರಗೆ ಬಿತ್ತು. "ಈ ಕಿಟ್ಲಿ ಮೂತಿನೇ ಸೊಟ್ಟದ," ಎಂದು ಬೈದು ನೆಲ ಒರೆಸಿದಳು. ಬೇಡ ಎಂಬಂತೆ ಅಣ್ಣ ಬಾಗಿಲಿನಿಂದ ನನಗೆ ತಲೆಯಾಡಿಸಿದ. ಆದರೂ ಕೇಳಿದೆ. ಅವಳು ಬಸಿಯಲ್ಲಿನ ಚಹಾ ಊದುತ್ತ ಕುಳಿತಳು. ಆಮೇಲೆ ಫೋನಿನಲ್ಲೂ ಒಮ್ಮೆ ಕೇಳಿದೆ, ಸಿಗ್ನಲ್ ಇಲ್ಲ ಎಂದಳು. ಇದನ್ನು ಬರೆಯುವ ತನಕ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ದೊಡ್ಡವ್ವಾ, ಬಲಗಣ್ಣು ಮುಚ್ಚಿದ್ರ ನನ್ನ ಮಾರಿ ಕಾಣತದೇನು?"