ಹನ್ನೊಂದನೇ ಹಾಳೆ

ದೊಡ್ಡಪ್ಪ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅವರ ನಂತರದ ಪಾಳಿ ದೊಡ್ಡಮ್ಮನ ತಮ್ಮನದು, ನನಗೆ ಮಾವ. ಪಾಳಿ ಬದಲಾಗುವಾಗ ಹೇಳಬೇಕಾದುದನ್ನು ಬಾಗಿಲ ಪಕ್ಕದ ಸ್ಲೇಟಿನಲ್ಲಿ ಬರೆದಿಡುವುದು ಅಲ್ಲಿನ ರೂಢಿ. ದೊಡ್ಡಪ್ಪ ಎರಡು ಮಾತು ಮೀರಿ ಬರೆದವರಲ್ಲ.

"ನಿಮ್ಮ ದೊಡ್ಡಪ್ಪ ಮದುವೆಗೆ ಒಪ್ಪಿದ್ದೂ ಎರಡೇ ಅಕ್ಷರದಲ್ಲಿ, ಆಯ್ತು ಅಂತ" ಎಂದು ದೊಡ್ಡಮ್ಮ ನಗುತ್ತಿದ್ದರು.

ಒಂದು ದಿನ ಉಗಿ ಕೊಳವೆಯ ವಾಲ್ವ್ ಸಡಿಲಾಗಿತ್ತು. ಮೆಕ್ಯಾನಿಕ್ ಬರುವವರೆಗೆ ಅದನ್ನು ಮುಟ್ಟಬಾರದಿತ್ತು. ದೊಡ್ಡಪ್ಪ ಸ್ಲೇಟಿನಲ್ಲಿ ಬರೆದದ್ದು: "ವಾಲ್ವ್ ನೋಡಿಕೋ." ಮಾವ ನೋಡಿಕೊಳ್ಳಲೆಂದೇ ತಿರುಗಿಸಿದರು. ಉಗಿ ನುಗ್ಗಿತು. ಬಲಗೈಯ ಬೆರಳುಗಳು ಬೆಂದು, ಮತ್ತೆಂದೂ ನೇರವಾಗಲಿಲ್ಲ.

ಅಂದಿನಿಂದ ದೊಡ್ಡಪ್ಪನಿಗೆ ಸ್ಲೇಟು ಸಾಲಲಿಲ್ಲ. ಹಾಳೆಗಟ್ಟಲೆ ಬರೆದು ಮೊಳೆಗೆ ಸಿಕ್ಕಿಸುತ್ತಿದ್ದರು. "ಏನು ಸ್ವಾಮಿ, ದಿನಾ ಒಂದು ಪುರಾಣ?" ಎಂದು ಮುಂದಿನ ಪಾಳಿಯವರು ಓದದೆ ಮಡಚಿಡುತ್ತಿದ್ದರು.

ಮಾವ ಮಾತು ಬಿಟ್ಟಿದ್ದರು. ಅವರು ಕ್ಷಮಿಸಬೇಕು, ದೊಡ್ಡಪ್ಪನಿಗೆ ಬೇಕಿದ್ದುದು ಅಷ್ಟೇ. ಹನ್ನೊಂದು ಹಾಳೆಯ ಪತ್ರ ಬರೆದು ನನ್ನ ಕೈಯಲ್ಲಿ ಕಳಿಸಿದರು. ಮೊದಲ ಹಾಳೆಯ ತುಂಬ ವಾಲ್ವೇ: ಯಾವಾಗ ಕೊಂಡದ್ದು, ಯಾರು ರಿಪೇರಿ ಮಾಡಿದ್ದು, ಎಷ್ಟು ಸುತ್ತು ತಿರುಗುತ್ತದೆ.

"ನೋಡಿದ್ಯೇನೇ? ಇನ್ನೂ ವಾಲ್ವಿನ ತಲೆಗೇ ಕಟ್ತಿದ್ದಾರೆ ನಿಮ್ಮ ದೊಡ್ಡಪ್ಪ" ಎಂದು ಮಾವ ಅಷ್ಟಕ್ಕೇ ಪತ್ರ ಮಡಚಿ ಕಪಾಟಿಗೆ ಎಸೆದರು.

ಮನೆಗೆ ಬಂದಾಗ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದರು. "ಓದಿದ್ನಾ?"

"ಓದಿದ್ರು" ಎಂದೆ. ಒಂದು ಹಾಳೆಯ ಮಟ್ಟಿಗೆ ಅದು ನಿಜ.

ದೊಡ್ಡಪ್ಪ ಒಂಬತ್ತು ವರ್ಷ ಉತ್ತರಕ್ಕೆ ಕಾದರು. ಓದಿಯೂ ಕ್ಷಮಿಸಲಿಲ್ಲ ಎಂದುಕೊಂಡೇ ಹೋದರು.

ಅವರು ತೀರಿಕೊಂಡ ಮರುವಾರ ನಾನು ಮಾವನ ಮನೆಗೆ ಹೋಗಿ ಆ ಪತ್ರ ಕೇಳಿದೆ. ಕಪಾಟಿನಿಂದ ತೆಗೆದು, "ಇನ್ನೇನಿರುತ್ತೆ ಅದರಲ್ಲಿ, ಓದು" ಎಂದರು. ನಾನು ಓದುತ್ತಾ ಹೋದೆ. ಕೊಳವೆ, ಉಗಿ, ಒತ್ತಡ. ಮಾವ ಕಿಟಕಿಯ ಕಡೆ ನೋಡುತ್ತಿದ್ದರು. ಹನ್ನೊಂದನೇ ಹಾಳೆಯಲ್ಲಿ ಮೂರೇ ಸಾಲು.

"ತಪ್ಪು ನನ್ನದು. ಮುಟ್ಟಬೇಡ ಎಂದು ಬರೆಯಬೇಕಿತ್ತು. ನಿನ್ನ ಕೈ ನೆನೆದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ."

ಮಾವ ಕಿಟಕಿಯಿಂದ ಇತ್ತ ತಿರುಗಿದರು.

"ಇದನ್ನ ಮೊದಲು ಬರೀಬಾರದಿತ್ತಾ, ಭಾವ" ಎಂದರು, ನನಗಲ್ಲ.

ಆಮೇಲೆ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಮುದುಡಿದ ಬೆರಳುಗಳಿಂದ ತಡಕಾಡುತ್ತಾ, ಕೊನೆಯ ಹಾಳೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟರು.