ಕೃಷ್ಣೆಗೆ ಹೊತ್ತ ಉಡಿ, ಕಾರವಾರದ ಕೊಲ್ಲಿ

ನಮ್ಮ ಸುರಪುರದವರಿಗೆ ನೀರು ಎಂದರೆ ನಳದ ನೀರು, ಬಾವಿಯ ನೀರು, ಬಹಳವಾದರೆ ಕಾಲುವೆಯ ನೀರು. ಸಮುದ್ರ ಎಂಬುದು ಯಾದಗಿರಿ ಕಡೆಯ ರಾಮಸಮುದ್ರ ಎಂಬ ಊರಿನ ಹೆಸರಿನಲ್ಲಿ ಮಾತ್ರ ಇದೆ. ಅಲ್ಲಿಗೆ ಹೋದರೆ ಹೊಲ ಕಾಣುತ್ತದೆ. ಅಂಥ ಸೀಮೆಯಿಂದ ನಾವು ಮೂವರು ಕಾರವಾರಕ್ಕೆ ಹೋಗಿ ಹಾಯಿದೋಣಿ ಹತ್ತಿ ಬಂದೆವು. ರಂಗಂಪೇಟೆಯಲ್ಲಿರುವ ನನ್ನ ತಂಗಿ ಇದನ್ನು ನೆನೆಸಿಕೊಂಡು ಈಗಲೂ ನಗುತ್ತಾಳೆ. ನಗಲಿ. ಮೂವರೂ ಹೋದ ಹಾಗೆ ವಾಪಸ್ ಬಂದೆವು, ಅದೇ ಶಿವನ ದೊಡ್ಡ ಕೃಪೆ.

ಮೂವರು ಎಂದರೆ ನಾನು, ನನ್ನ ಗಂಡ, ಅವರ ತಾಯಿ. ಹೊರಟಿದ್ದು ಅತ್ತೆಯ ಹರಕೆಗಾಗಿ. ನನ್ನ ಗಂಡ ಐದು ವರ್ಷದ ಹುಡುಗನಾಗಿದ್ದಾಗ ತಿಂಥಣಿಯ ಹತ್ತಿರ ಕೃಷ್ಣೆಯಲ್ಲಿ ಕಾಲು ಜಾರಿ ಬಿದ್ದಿದ್ದರಂತೆ. ಹರಿಯುವ ನೀರು, ದಂಡೆಯ ಮೇಲೆ ಈಜು ಬಲ್ಲವರು ಒಬ್ಬರೂ ಇಲ್ಲ. ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತು ಹೊಳೆಗೇ ಕೂಗಿ ಹೇಳಿದರು: "ಯವ್ವಾ ಕೃಷ್ಣವ್ವಾ, ನನ್ನ ಕೂಸಿನ ಬಿಡು. ನೀ ಹರದು ಹರದು ಎಲ್ಲಿಗೆ ಹೋಗಿ ನಿಲ್ಲತಿ, ಅಲ್ಲಿಗೇ ಬಂದು ನಿನ್ನ ಉಡಿ ತುಂಬತೀನಿ!" ಕೂಸಿನ ಸೊಂಟದ ಉಡದಾರ ಯಾವುದೋ ಮರದ ಬೇರಿಗೆ ಸಿಕ್ಕಿತು. ಯಾರೋ ಪುಣ್ಯಾತ್ಮರು ಬಂದು ಎತ್ತಿದರು. ನನ್ನ ಗಂಡ ಇವತ್ತಿಗೂ ಉಡದಾರ ಬಿಟ್ಟಿಲ್ಲ. ನೀರಿಗೆ ಇಳಿಯುವುದನ್ನು ಮಾತ್ರ ಬಿಟ್ಟರು.

ನಮ್ಮ ಕಡೆ ಮಗಳಿಗೆ, ಸೊಸೆಗೆ, ದೇವಿಗೆ ಉಡಿ ತುಂಬುವ ಹಾಗೆಯೇ ಹೊಳೆಗೂ ತುಂಬುತ್ತೇವೆ. ಅಕ್ಕಿ, ಕುಪ್ಪಸದ ಖಣ, ತೆಂಗಿನಕಾಯಿ, ಅರಿಶಿನ ಬೇರು, ಉತ್ತತ್ತಿ. ದಂಡೆಯಲ್ಲೇ ತುಂಬುತ್ತೇನೆ ಎಂದಿದ್ದರೆ ಅದು ಮರುದಿನವೇ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಅತ್ತೆ ಏನನ್ನೂ ಸಣ್ಣದಾಗಿ ಮಾಡುವವರಲ್ಲ. ಅವರು ಮಾಡಿದ ಹೋಳಿಗೆ ತಾಟಿನಿಂದ ಹೊರಗೆ ಇಣುಕುತ್ತದೆ. ಹರಕೆಯೂ ಹಾಗೆಯೇ.

ನಾನು ಮದುವೆಯಾಗಿ ಬಂದ ದಿನದಿಂದ ಆ ಹರಕೆ ನಮ್ಮ ಮನೆಯಲ್ಲಿ ಇನ್ನೊಬ್ಬ ಅತ್ತೆಯ ಹಾಗೆ ಇದೆ. ಮೊಸರು ಹೆಪ್ಪುಗಟ್ಟದಿದ್ದರೆ, ಎಮ್ಮೆ ಒದ್ದರೆ, ನನ್ನ ಸಾರಿಗೆ ಉಪ್ಪು ಜಾಸ್ತಿಯಾದರೆ, ಎಲ್ಲದಕ್ಕೂ ಒಂದೇ ಮಾತು: "ಹರಕಿ ಉಳದದ, ಮತ್ತೇನಾಗತದ?" ಉಪ್ಪಿನ ತಪ್ಪು ನನ್ನ ತಲೆಯ ಮೇಲೆ ಬರದಿದ್ದುದಕ್ಕೆ ನಾನು ಆ ಹರಕೆಗೆ ಒಳಗೊಳಗೇ ಕೈ ಮುಗಿದದ್ದೂ ಉಂಟು.

ಈಗ ಅತ್ತೆಗೆ ಎಂಬತ್ತರ ಹತ್ತಿರ. ಮೊಣಕಾಲು ಸೋತಿವೆ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿಯ ಕೈಯಲ್ಲೇ ಮಗನನ್ನು ಕರೆದರು.

"ತಮ್ಮಾ, ನಾ ಹೋಗೂದ್ರಾಗ ಹರಕಿ ತೀರಬೇಕು. ಕೊಟ್ಟ ಮಾತು ಹೊತಗೊಂಡು ಶಿವನ ಮುಂದ ಹೆಂಗ ನಿಲ್ಲಲಿ?"

ನನ್ನ ಗಂಡ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಕಾಶೆಯ ಮೇಲೆ ಬೆತ್ತ ಇಟ್ಟು ನದಿ, ಪರ್ವತ ತೋರಿಸುವುದರಲ್ಲಿ ಅವರ ಆಯುಷ್ಯ ಕಳೆದಿದೆ. ಸೊಂಟದ ಉಡದಾರ ಸರಿಮಾಡಿಕೊಂಡು ಹೇಳಿದರು: "ಕಾರವಾರಕ್ಕ ಹೋಗೂಣು. ಅಲ್ಲಿ ಸಮುದ್ರ ಅದ, ಮಗಳು ಅಳಿಯ ಅದಾರ, ಇರಾಕ ಮನಿ ಅದ." ಭೂಗೋಳದ ಮಾಸ್ತರರೇ ಹೇಳಿದ ಮೇಲೆ ನಾವಿಬ್ಬರು ಹೆಂಗಸರು ಇನ್ನೇನು ಕೇಳುವುದು? ಸಜ್ಜಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಹಸಿರು ಖಣದಲ್ಲಿ ಉಡಿಯ ಗಂಟು ಕಟ್ಟಿಕೊಂಡು ಹೊರಟೆವು.

ಕಾರವಾರದ ದಂಡೆಯನ್ನು ಅತ್ತೆ ಒಪ್ಪಲಿಲ್ಲ. "ಇಲ್ಲಿ ಮಂದಿ ಕಾಲು ತೊಳಕೊಳ್ಳಾಕತ್ತಾರ. ಇಲ್ಲೇನು ಉಡಿ ತುಂಬೂದು? ಒಳಗ ಹೋಗೂಣು." ನನ್ನ ಗಂಡನ ಮುಖ ಅಲ್ಲಿಯೇ ಬಿಳಿಚಿತು. ಅಳಿಯ ತನಗೆ ಪರಿಚಯದ ಒಬ್ಬ ಹಾಯಿದೋಣಿಯವನನ್ನು ಗೊತ್ತು ಮಾಡಿಕೊಟ್ಟ. ಬಿಳಿ ಬಣ್ಣದ ದೋಣಿ, ನಡುವೆ ಎತ್ತರದ ಕಂಬ, ಕಂಬಕ್ಕೆ ದೊಡ್ಡ ಹಾಯಿ. ಇಂಜಿನ್ ಇದ್ದರೂ ಗಾಳಿ ಇರುವಾಗ ಹಚ್ಚುವುದಿಲ್ಲ ಎಂದು ದೋಣಿಯವನು ಹೇಳಿದ. ಐವತ್ತರ ಆಸುಪಾಸಿನ ಮನುಷ್ಯ, ಪ್ರವಾಸಿಗರಿಗೆ ಒಂದೊಂದೇ ಕೊಲ್ಲಿ ತೋರಿಸಿ ಅದರದರ ಕಥೆ ಹೇಳುವುದು ಅವನ ಕಾಯಕ.

ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದ. ಅತ್ತೆಯ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಅದರ ಒಳಗೆ ಸಿಕ್ಕಿಕೊಂಡಿತು. ಅವರು ಲಿಂಗದ ಕರಡಿಗೆಯನ್ನು ಹೊರಗೆ ಎಳೆದು ಜಾಕೆಟ್ಟಿನ ಮೇಲೆ ಇಟ್ಟುಕೊಂಡರು. "ಅವನೂ ನೋಡಲಿ ಸಮುದ್ರ. ನಮ್ಮ ಮನ್ಯಾಗ ಬರೇ ಗ್ವಾಡಿ ನೋಡಿ ನೋಡಿ ಬ್ಯಾಸತ್ತಾನ."

ನನ್ನ ಗಂಡ ಹತ್ತಿದ ಕೂಡಲೇ ಎರಡೂ ಕೈಯಿಂದ ಕಂಬ ತಬ್ಬಿಕೊಂಡು ಕೂತರು.

"ಮಾಸ್ತರ, ಕಂಬ ಬಿಡ್ರಾ. ಹಾಯಿ ತಿರುಗ್ಬೇಕು" ಎಂದ ದೋಣಿಯವನು.

"ಹಾಯಿ ತಿರಗಲಿ, ನಾ ತಿರಗಂಗಿಲ್ಲ" ಎಂದರು ಇವರು. ನನ್ನನ್ನು ಕೂಡ ಅವರು ಹಾಗೆ ಗಟ್ಟಿಯಾಗಿ ಹಿಡಿದುಕೊಂಡ ನೆನಪಿಲ್ಲ ನನಗೆ.

ಮೊದಲ ಕೊಲ್ಲಿಯಲ್ಲಿ ನೀರಿನ ನಡುವೆ ಮಗುಚಿದ ದೋಣಿಯ ಹಾಗೆ ಒಂದು ಬಂಡೆ. ದೋಣಿಯವನು ಹಾಯಿ ಸ್ವಲ್ಪ ಇಳಿಸಿ ಕಥೆ ಹೇಳಿದ. ಹಿಂದೆ ಒಬ್ಬ ವ್ಯಾಪಾರಿ ಬಿರುಗಾಳಿಗೆ ಸಿಕ್ಕಿ, ದಡ ಮುಟ್ಟಿಸಿದರೆ ರೇಷ್ಮೆಯ ಹಾಯಿ ಕೊಡುತ್ತೇನೆಂದು ಸಮುದ್ರದ ತಾಯಿಗೆ ಹೇಳಿಕೊಂಡ. ಗಾಳಿ ನಿಂತಿತು. ಈ ಕೊಲ್ಲಿಗೆ ಬಂದ ಮೇಲೆ ಅವನು ಚೌಕಾಸಿ ಶುರು ಮಾಡಿದ. ರೇಷ್ಮೆ ದುಬಾರಿ, ಹತ್ತಿಯದು ನಡೆಯುತ್ತದೆಯೇ ತಾಯಿ ಎಂದ. ಅಷ್ಟು ಹೇಳುವುದರೊಳಗೆ ದೋಣಿ ಕಲ್ಲಾಯಿತು.

ಅತ್ತೆ ಆ ಬಂಡೆಯನ್ನು ನೋಡಿದರು, ಮಡಿಲಲ್ಲಿದ್ದ ಗಂಟನ್ನು ಮುಟ್ಟಿ ನೋಡಿದರು. ಒಳಗೆ ಹೆದರಿದ್ದರು ಎಂದು ನನಗೆ ತಿಳಿಯಿತು. ಹೆದರಿದಾಗ ಅವರ ಮಾತು ಜೋರಾಗುತ್ತದೆ.

"ಇಷ್ಟ ಕಲ್ಲಿಗೆ ಇಷ್ಟ ದೊಡ್ಡ ಕಥಿನಾ ತಮ್ಮಾ? ನಮ್ಮ ಶಹಾಪುರಕ್ಕ ಬಾ. ಗುಡ್ಡಕ್ಕ ಗುಡ್ಡನ ಬುದ್ಧ ಆಗಿ ಅಂಗಾತ ಮಲಗ್ಯಾನ."

"ಯಾಕೆ ಮಲಗಿದ್ನಂತೆ ಅಜ್ಜಿ?"

"ಬಿಸಲಿಗಿ. ನಮ್ಮ ಕಡಿ ಬ್ಯಾಸಗ್ಯಾಗ ಯಾರಾದ್ರೂ ಮಲಗತಾರ."

ದೋಣಿಯವನು ಚುಕ್ಕಾಣಿ ಬಿಟ್ಟು ನಕ್ಕ. ಕಂಬದಿಂದ ನನ್ನ ಗಂಡ ಕೂಗಿದರು: "ನಕ್ಕೋತ ಅದನ್ನ ಬಿಡಬ್ಯಾಡ್ರಿ ಯಪ್ಪಾ, ಹಿಡಕೋರಿ!"

ಒಂದು ಗುಡ್ಡದ ಮೂಗು ದಾಟಿ ಎರಡನೆಯ ಕೊಲ್ಲಿಗೆ ಬಂದೆವು. ಅಲ್ಲಿ ಇದ್ದಕ್ಕಿದ್ದ ಹಾಗೆ ಗದ್ದಲ ನಿಂತಿತು. ಹಿಂದೆ ಅಷ್ಟು ಹೊಡೆಯುತ್ತಿದ್ದ ಅಲೆ ಇಲ್ಲಿ ತೊಟ್ಟಿಲ ಹಾಗೆ ಸಣ್ಣಗೆ ತೂಗುತ್ತಿತ್ತು.

"ಇಲ್ಲೊಬ್ಬ ತಾಯಿ ಇದ್ಲಂತೆ" ಎಂದು ದೋಣಿಯವನು ದನಿ ತಗ್ಗಿಸಿದ. "ಜ್ವರ ಬಂದ ಕೂಸನ್ನ ಈ ಮರಳ ಮೇಲೆ ಮಲಗಿಸ್ತಾ ಇದ್ಲು. ಸಮುದ್ರದ ಸದ್ದಿಗೆ ಕೂಸು ಬೆಚ್ಚಿ ಬೆಚ್ಚಿ ಏಳ್ತಿತ್ತು. ಅವಳಿಗೆ ಸಿಟ್ಟು ಬಂತು. ಎದ್ದು ನಿಂತು, ನಿನಗೆ ಮಕ್ಕಳಿಲ್ವಾ, ಸುಮ್ಮನಿರು ಅಂತ ಸಮುದ್ರಕ್ಕೆ ಬೈದಳು. ಸಮುದ್ರ ನಾಚ್ತು. ಅವತ್ತಿಂದ ಈ ಕೊಲ್ಲೀಲಿ ಅದು ದನಿ ಎತ್ತೂದಿಲ್ಲ ನೋಡ್ರಾ."

ಅತ್ತೆ ಈ ಸಲ ಶಹಾಪುರದ ಬುದ್ಧನನ್ನು ಎಬ್ಬಿಸಲಿಲ್ಲ. ಕಣ್ಣು ಒರೆಸಿಕೊಂಡು, "ಇಲ್ಲೇ ತುಂಬೂಣು" ಎಂದರು. ನಾನು ಗಂಟು ಬಿಚ್ಚಿದೆ. ಅರಿಶಿನ ಕುಂಕುಮ ತೆಗೆದೆ. ಅತ್ತೆ ಕಾಯಿ ಕೈಯಲ್ಲಿ ಹಿಡಿದು, ದೋಣಿಯ ಅಂಚಿಗೆ ಸರಿದು, "ಯವ್ವಾ ಕೃಷ್ಣವ್ವಾ..." ಎಂದು ಶುರು ಮಾಡಿದರು.

"ಕೃಷ್ಣೆಯಾ?" ಎಂದ ದೋಣಿಯವನು. "ಕೃಷ್ಣೆ ಇಲ್ಲೆಲ್ಲಿ ಬರ್ತಾಳೆ ಅಜ್ಜಿ? ಇಲ್ಲಿ ಸೇರೂದು ಕಾಳಿ. ಕೃಷ್ಣೆ ಆ ಕಡೆ ಹೋಗ್ತಾಳೆ, ಪೂರ್ವಕ್ಕೆ. ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ."

ಕಾಯಿ ಹಿಡಿದ ಕೈ ಹಾಗೆಯೇ ನಿಂತಿತು. ನಿಜ ಹೇಳುತ್ತೇನೆ, ನನಗೂ ಅಲ್ಲಿಯ ತನಕ ಹೊಳೆದಿರಲಿಲ್ಲ. ನಾನು ಏಳನೆಯವರೆಗೆ ಓದಿದವಳು. ನಮ್ಮ ಲೆಕ್ಕದಲ್ಲಿ ಸಮುದ್ರ ಎಂದರೆ ಒಂದೇ. ಎಲ್ಲ ಊರಿನ ಬಸ್ಸೂ ಸ್ಟ್ಯಾಂಡಿಗೇ ಬರುವ ಹಾಗೆ ಎಲ್ಲ ಹೊಳೆಯೂ ಅಲ್ಲಿಗೇ ಬರುತ್ತದೆ. ಆದರೆ ನಮ್ಮ ಮನೆಯ ಪಡಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳು ಪಾಠಕ್ಕೆ ಕೂತು ಒಂದೇ ರಾಗದಲ್ಲಿ ಕೂಗಿದ್ದು ಈಗ ಕಿವಿಗೆ ಬಂತು: ಕೃಷ್ಣಾ ನದಿಯು ಮಹಾಬಳೇಶ್ವರದಲ್ಲಿ ಹುಟ್ಟಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಒಳಗೆ ನಾನು ಒಗ್ಗರಣೆ ಹಾಕುತ್ತಿದ್ದೆ. ಕೇಳಿದೆ, ಆದರೆ ಕೇಳಲಿಲ್ಲ.

ಅತ್ತೆಯೂ ನಾನೂ ಒಟ್ಟಿಗೇ ಕಂಬದ ಕಡೆ ತಿರುಗಿದೆವು.

"ಏನ್ರೀ ಮಾಸ್ತರ" ಎಂದರು ಅತ್ತೆ, ಹೆತ್ತ ಮಗನಿಗೆ ಬಹುವಚನ ಹಾಕಿ. "ಊರ ಮಕ್ಕಳಿಗೆಲ್ಲ ಒಂದು ಸಮುದ್ರ, ಹಡದ ತಾಯಿಗಿ ಇನ್ನೊಂದು ಸಮುದ್ರನಾ? ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು ಯವ್ವಾ."

"ಮತ್ತ?"

ಇವರು ಕಂಬವನ್ನೇ ನೋಡುತ್ತಾ ಹೇಳಿದರು: "ಅಲ್ಲಿಗಿ ಹೋದ್ರೂ ನೀ ದಂಡಿ ಮ್ಯಾಗ ನಿಂದರಾಕಿ ಅಲ್ಲ. ದೋಣಿ ಹತ್ತಸತಿ. ಕೃಷ್ಣಿ ಮ್ಯಾಗ. ಬ್ಯಾರೆ ನೀರಾದ್ರ ಹೆಂಗರ ಕೂಡತೀನಿ, ನೋಡು ಕೂತೀನಿ. ಆ ನೀರು ಇನ್ನೂ ನನ್ನ ಕಿವ್ಯಾಗ ಅದ."

ಅತ್ತೆ ಕಾಯಿ ಹಿಡಿದ ಕೈ ಇಳಿಸಿದರು.

"ನನ್ನ ಕಿವ್ಯಾಗೂ ಅದ" ಎಂದರು ಅತ್ತೆ. "ಅದಕ್ಕ ತೀರಸಬೇಕು ಅಂತೀನಿ, ಹುಚ್ಚಾ."

ದೋಣಿಯವನಿಗೆ ತಾನೇ ಏನೋ ಕೆಡಿಸಿದೆನೆಂಬ ಸಂಕಟ. "ಅಜ್ಜಿ, ಸಮುದ್ರಕ್ಕೆ ಗೋಡೆ ಇಲ್ಲ. ಸುತ್ತಿ ಹಾಕ್ಕೊಂಡು ಎಲ್ಲ ಒಂದೇ ನೀರು. ಇಲ್ಲೇ ಬಿಡ್ರಾ, ಮುಟ್ಟುತ್ತದೆ" ಎಂದ.

"ಆ ಕಲ್ಲಿನ ದೋಣ್ಯಾವನೂ ಹಿಂಗ ಅಂದಿದ್ದ" ಎಂದರು ಅತ್ತೆ. "ಹತ್ತಿದು ನಡೀತದೇನು ಅಂತ."

ದೋಣಿಯವನು ತನ್ನ ಕಥೆಗೆ ತಾನೇ ಸಿಕ್ಕಿಬಿದ್ದಿದ್ದ.

ಅತ್ತೆ ಸ್ವಲ್ಪ ಹೊತ್ತು ಆ ಸುಮ್ಮನಿರುವ ನೀರನ್ನು ನೋಡಿದರು. ಆಮೇಲೆ ನನಗೆ ಹೇಳಿದರು: "ಹುಣಸಗಿಗಿ ಅಕ್ಕನ ಮನಿಗಿ ಹೊಂಟಾಗ ದಾರ್ಯಾಗ ತಂಗಿ ಮನಿ ಹತ್ತತದ ಅನ್ಕೋ. ಹಂಗ ದಾಟಿ ಹೋಗಾಕ ಬರತದೇನು? ಅಕ್ಕಿ ಅರ್ಧ ಮಾಡು."

ಅರ್ಧ ಅಕ್ಕಿ, ಎರಡು ಅರಿಶಿನ ಬೇರು, ಎರಡು ಉತ್ತತ್ತಿ. ಅತ್ತೆ ಅದನ್ನು ಕಾರವಾರದ ಸಮುದ್ರಕ್ಕೆ ತಂಗಿಯ ಪಾಲೆಂದು ಬಿಟ್ಟರು. ಪದ್ಧತಿಯಂತೆ ಒಂದು ಚಿಟಿಕೆ ಅಕ್ಕಿ ತಮ್ಮ ಸೆರಗಿಗೆ ಉಳಿಸಿಕೊಂಡರು. "ಯವ್ವಾ, ನಿಮ್ಮ ಅಕ್ಕಗ ಸುದ್ದಿ ಮುಟ್ಟಸು. ಮಾಸ್ತರ ತಪ್ಪು ಹಾದಿಗಿ ಕರಕೊಂಡು ಬಂದಾನ, ಬರೂದು ಜರಾ ತಡ ಆಗತದ ಅಂತ ಹೇಳು." ಕಾಯಿ ಮತ್ತು ಖಣ ಮಾತ್ರ ವಾಪಸ್ ಮಡಿಲಿಗೆ ಬಂದವು, ಅವು ಅಕ್ಕನವು.

ಬರುವಾಗ ನಾಲ್ವರೂ ಸಜ್ಜಿ ರೊಟ್ಟಿ ತಿಂದೆವು. ದೋಣಿಯವನು ಹಿಂಡಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ, ಇನ್ನು ಮುಂದೆ ಆ ಕೊಲ್ಲಿಯಲ್ಲಿ ಈ ಕಥೆಯನ್ನೂ ಸೇರಿಸಿ ಹೇಳುತ್ತೇನೆ ಎಂದ. ಹಾಗೆ ಹೇಳುತ್ತಿದ್ದರೆ ಅದರಲ್ಲಿ ನನ್ನ ಗಂಡ ಈ ಹೊತ್ತಿಗೆ ಕಂಬವೇ ಆಗಿರಬೇಕು. ಆದರೆ ಒಂದು ಮಾತು ಹೇಳಬೇಕು. ರೊಟ್ಟಿ ತಿಂದ ಮೇಲೆ ಇವರು ಒಂದು ಕೈ ಬಿಟ್ಟು, ಬಗ್ಗಿ, ಆ ಕೈಯನ್ನು ಸಮುದ್ರದಲ್ಲೇ ತೊಳೆದರು. ನಾನು ನೋಡಿಯೂ ನೋಡದ ಹಾಗೆ ಕೂತೆ. ಆ ದಿನದ ಕೃಪೆಗಳಲ್ಲಿ ಅದೂ ಒಂದು.

ಸುರಪುರಕ್ಕೆ ಬಂದು ಕಾಯಿಯನ್ನು ಖಣದಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟೆವು. ಪ್ರತಿದಿನ ಪೂಜೆಯಾದ ಮೇಲೆ ಅತ್ತೆ ಅದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಒಳಗೆ ನೀರು ಗುಳುಗುಳು ಎನ್ನುತ್ತಿತ್ತು. "ಇನ್ನೂ ಅದ" ಎಂದು ಪಡಸಾಲೆಗೆ ಕೇಳುವ ಹಾಗೆ ಹೇಳುತ್ತಿದ್ದರು. ಪಡಸಾಲೆಯಲ್ಲಿ ಪೇಪರ್ ಅಲುಗಾಡುತ್ತಿತ್ತು. ಮುಖ ಕಾಣುತ್ತಿರಲಿಲ್ಲ.

ಹೀಗೆ ಒಂದು ತಿಂಗಳು ನಡೆಯಿತು. ದಿನದಿಂದ ದಿನಕ್ಕೆ ಗುಳುಗುಳು ಸಣ್ಣದಾಗುತ್ತಿದೆಯೆಂದು ನನಗೆ ಅನಿಸುತ್ತಿತ್ತು. ಅತ್ತೆಗೆ ಹೇಳುವ ಧೈರ್ಯ ಆಗಲಿಲ್ಲ. ನಮ್ಮ ಮನೆಯಲ್ಲಿ ಎಷ್ಟೋ ಕಾಯಿ ಒಣಗಿ ಕೊಬ್ಬರಿಯಾಗಿವೆ, ಯಾವುದಕ್ಕೂ ನಾನು ಇಷ್ಟು ಹೆದರಿದ್ದಿಲ್ಲ.

ಹೋದ ಸೋಮವಾರ ನನ್ನ ಗಂಡ ಹೇಳದೆ ಕೇಳದೆ ಯಾದಗಿರಿಗೆ ಹೋಗಿ ಬಂದರು. ಬಂದವರು ಕೈಕಾಲು ತೊಳೆದು, ಜಗುಲಿಯ ಮೇಲಿನ ಕಾಯಿ ಎತ್ತಿ, ಅದರ ಕೆಳಗೆ ಒಂದು ಚೀಟಿ ಇಟ್ಟು ಮತ್ತೆ ಕಾಯಿ ಇಟ್ಟರು. ರೈಲಿನ ಟಿಕೆಟ್. ಪೂರ್ವದ ಕಡೆಗೆ, ಮೂವರಿಗೆ.

ಅತ್ತೆ ಚೀಟಿಯನ್ನು ನೋಡಲಿಲ್ಲ. ಕಾಯಿಯನ್ನು ಎತ್ತಿ ಮಗನ ಕೈಗೆ ಕೊಟ್ಟರು. "ನೀ ಕೇಳಿ ಹೇಳು."

ಇವರು ಅದನ್ನು ಕಿವಿಗೆ ಹಚ್ಚಿ ಮೆಲ್ಲಗೆ ಅಲುಗಾಡಿಸಿದರು. ಒಮ್ಮೆ ಅಲುಗಾಡಿಸಿ, ಇನ್ನೊಮ್ಮೆ ಅಲುಗಾಡಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದೆ.

"ಅದ ಯವ್ವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಆ ದೋಣ್ಯಾಗೂ ನಡುವ ಕಂಬ ಇರತದೇನು?"